ನೊಣಗಳ ವಂಶವೃಕ್ಷ ನೀವೇ ಬರೆಯುವುದು ಹೇಗೆ: ಒಂದು ಲೆನ್ಸ್, ಒಂದು ಪೆನ್ಸಿಲ್, ಹತ್ತು ಲಕ್ಷಣ

ಮನೆನೊಣ, ಮೀನು ಮಾರ್ಕೆಟ್ಟಿನ ಹಸಿರು ನೊಣ, ಕಳಿತ ಬಾಳೆಹಣ್ಣಿನ ಸುತ್ತ ಹಾರುವ ಸಣ್ಣ ನೊಣ, ಸೊಳ್ಳೆ. ಇವುಗಳಲ್ಲಿ ಯಾರು ಯಾರಿಗೆ ಹತ್ತಿರದ ನೆಂಟರು ಅಂತ ಡಿಎನ್‌ಎ ಪರೀಕ್ಷೆ ಇಲ್ಲದೆ, ಬರೀ ಮೈ ನೋಡಿ ಹೇಳಬಹುದಾ? ಖಂಡಿತ ಹೇಳಬಹುದು. ಡಿಎನ್‌ಎ ಓದಲು ಬರುವ ಮುಂಚೆ ಎಲ್ಲರೂ ಹೀಗೇ ಹೇಳುತ್ತಿದ್ದರು, ಮತ್ತು ಆಗ ಹೇಳಿದ್ದರಲ್ಲಿ ತುಂಬಾ ಭಾಗ ಇವತ್ತಿಗೂ ನಿಂತಿದೆ. ಈ ಕೆಲಸಕ್ಕೆ ಸರಿಯಾದ ಒಂದು ಕ್ರಮ ಹಾಕಿಕೊಟ್ಟವರು ವಿಲ್ಲಿ ಹೆನ್ನಿಗ್ ಎಂಬ ಜರ್ಮನ್ ಕೀಟತಜ್ಞ (1913-1976). ಅವರು ಬದುಕಿಡೀ ಓದಿದ್ದು ನೊಣಗಳನ್ನೇ. ಎರಡನೇ ಮಹಾಯುದ್ಧದ ಕೊನೆಗೆ ಬ್ರಿಟಿಷರ ಕೈಯಲ್ಲಿ ಯುದ್ಧಕೈದಿಯಾಗಿದ್ದಾಗ ತಮ್ಮ ವಿಧಾನದ ಕರಡು ಬರೆದರು, 1950ರಲ್ಲಿ ಅದು ಪುಸ್ತಕವಾಗಿ ಬಂತು. ಇವತ್ತು ಹಕ್ಕಿ, ಮೀನು, ಗಿಡ ಯಾವುದರ ವಂಶವೃಕ್ಷ ಬರೆದರೂ ಅದೇ ವಿಧಾನದ ನೆರಳು ಅದರಲ್ಲಿ ಇರುತ್ತದೆ.

ಆ ವಿಧಾನದ ಜೀವಾಳ ಇಷ್ಟೇ: ಹೋಲಿಕೆ ಬೇರೆ, ನೆಂಟಸ್ತಿಕೆ ಬೇರೆ. ಎರಡು ನೊಣ ಯಾವುದೋ ಒಂದು ವಿಷಯದಲ್ಲಿ ಒಂದೇ ತರ ಇದ್ದರೆ ಅದಕ್ಕೆ ಮೂರು ಕಾರಣ ಇರಬಹುದು. ಒಂದು, ಅದು ಬಹಳ ಹಳೇ ಕಾಲದ ಲಕ್ಷಣ, ಎಲ್ಲರಿಗೂ ಇತ್ತು, ಈ ಎರಡರಲ್ಲಿ ಸುಮ್ನೆ ಉಳಿದುಕೊಂಡಿದೆ. ಎರಡು, ಈ ಎರಡಕ್ಕೆ ಮಾತ್ರ ಪೂರ್ವಜನಾಗಿದ್ದ ನೊಣದಲ್ಲಿ ಅದು ಹೊಸದಾಗಿ ಹುಟ್ಟಿತು. ಮೂರು, ಎರಡೂ ಬೇರೆ ಬೇರೆಯಾಗಿ ಅದೇ ದಾರಿ ಹಿಡಿದವು. ಇವುಗಳಲ್ಲಿ ಎರಡನೆಯದು ಮಾತ್ರ ಸಂಬಂಧಕ್ಕೆ ಸಾಕ್ಷಿ. ಹಂಚಿಕೊಂಡ ಹೊಸ ಲಕ್ಷಣ. ಪುಸ್ತಕಗಳಲ್ಲಿ ಇದಕ್ಕೆ ಸಿನಾಪೊಮಾರ್ಫಿ ಎನ್ನುತ್ತಾರೆ, ನಾವು 'ಹೊಸ ಲಕ್ಷಣ' ಅಂತಲೇ ಕರೆಯೋಣ. ಮುಂದೆ ಮಾಡುವ ಕೆಲಸವೆಲ್ಲ ಉಳಿದ ಎರಡರಿಂದ ಇದನ್ನು ಬೇರೆ ಮಾಡುವುದೇ.

ಮೊದಲು ನೊಣ ಹಿಡಿಯೋಣ

ಒಂಬತ್ತು ಬಗೆ ಸಾಕು. ಸೊಳ್ಳೆ ಹುಡುಕಬೇಕಾಗಿಯೇ ಇಲ್ಲ. ದನಗಳ ಹತ್ತಿರ ಬರುವ, ದೊಡ್ಡ ಕಣ್ಣಿನ, ಕಚ್ಚಿದರೆ ರಕ್ತ ಒಸರುವ ದಪ್ಪ ನೊಣ ಟಬಾನಸ್. ಅಡುಗೆಮನೆ ಕಸದ ಕಾಂಪೋಸ್ಟ್ ಡಬ್ಬದಲ್ಲಿ ಕಪ್ಪಗೆ, ತೆಳ್ಳಗೆ, ಕಣಜದ ಹಾಗೆ ಕಾಣುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ. ಬಿಸಿಲು ಬೀಳುವ ಬಯಲಲ್ಲಿ ಒಣಗಿದ ಕಡ್ಡಿಯ ತುದಿಗೆ ಕೂತು ಹಾರುವ ಹುಳಗಳನ್ನು ಗಾಳಿಯಲ್ಲೇ ಹಿಡಿಯುವುದು ರಾಬರ್ ಫ್ಲೈ. ಕೊತ್ತಂಬರಿ, ಸಾಸಿವೆ ಹೂ ಬಿಟ್ಟಾಗ ಅದರ ಮುಂದೆ ಗಾಳಿಯಲ್ಲಿ ಅಲ್ಲಾಡದೆ ನಿಲ್ಲುವ ಹಳದಿ ಪಟ್ಟೆಯದು ಹೋವರ್ ಫ್ಲೈ. ಕಳಿತ ಬಾಳೆಹಣ್ಣಿಗೆ ಬರುವುದು ಡ್ರೊಸೊಫಿಲಾ. ಆಮೇಲೆ ಮನೆನೊಣ. ಮೀನು, ಮಾಂಸದ ಅಂಗಡಿ ಹತ್ತಿರ ಹೊಳೆಯುವ ಹಸಿರು-ನೀಲಿ ಬಣ್ಣದ ಕ್ರೈಸೊಮಿಯ. ಕೊನೆಗೆ ಬೂದು ಬಣ್ಣದ, ಬೆನ್ನ ಮೇಲೆ ಮೂರು ಕಪ್ಪು ಗೆರೆಯ, ಮನೆನೊಣಕ್ಕಿಂತ ದೊಡ್ಡದಾದ ಮಾಂಸದ ನೊಣ, ಸಾರ್ಕೊಫಾಗ.

ಹಿಡಿದ ಮೇಲೆ ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಇಟ್ಟುಕೊಳ್ಳಬೇಕಾದರೆ 70 ಶೇಕಡಾ ಆಲ್ಕೋಹಾಲ್‌ನಲ್ಲಿ ಹಾಕಿ. ಪ್ರತಿ ಡಬ್ಬಿಗೂ ಒಂದು ಚೀಟಿ: ಊರು, ತಾರೀಖು, ಯಾವುದರ ಮೇಲೆ ಕೂತಿತ್ತು. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಇಂಕು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಕಸ, ಮಾಂಸದ ಮೇಲಿನ ನೊಣ ಮುಟ್ಟಿದರೆ ಕೈ ತೊಳೆದುಕೊಳ್ಳಿ. ನೋಡುವುದಕ್ಕೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಸಾಕಾಗುತ್ತದೆ, ಒಂದೆರಡು ಲಕ್ಷಣಕ್ಕೆ ಮಾತ್ರ ಕಾಲೇಜಿನ ಸ್ಟೀರಿಯೊ ಮೈಕ್ರೋಸ್ಕೋಪ್ ಬೇಕು.

ಇನ್ನೊಂದು ವಿಷಯ, ಇದನ್ನು ಮರೆಯಲೇಬಾರದು: ಗಂಡನ್ನು ಗಂಡಿನ ಜೊತೆ, ಹೆಣ್ಣನ್ನು ಹೆಣ್ಣಿನ ಜೊತೆ ಹೋಲಿಸಿ. ಗಂಡು ಸೊಳ್ಳೆಯ ಕುಡಿಮೀಸೆ ಪೊದೆಯ ಹಾಗಿರುತ್ತದೆ, ಹೆಣ್ಣಿನದು ಹಾಗಿಲ್ಲ. ಗಂಡು ಟಬಾನಸ್‌ನ ಕಣ್ಣುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಾಗಿರುತ್ತವೆ, ಹೆಣ್ಣಿನಲ್ಲಿ ನಡುವೆ ಜಾಗ ಇರುತ್ತದೆ. ಒಂದು ಬಗೆಯ ಗಂಡನ್ನೂ ಇನ್ನೊಂದು ಬಗೆಯ ಹೆಣ್ಣನ್ನೂ ಇಟ್ಟುಕೊಂಡು 'ಕಣ್ಣು ಬೇರೆ' ಅಂತ ಬರೆದರೆ ಇಡೀ ಪಟ್ಟಿ ದಾರಿ ತಪ್ಪುತ್ತದೆ.

ಹೊರಗಿನವರೊಬ್ಬರು ಬೇಕು

ಯಾವ ಲಕ್ಷಣ ಹಳೆಯದು, ಯಾವುದು ಹೊಸದು ಅಂತ ಗೊತ್ತಾಗುವುದು ಹೇಗೆ? ನೊಣಗಳ ಗುಂಪಿಗೆ ಸೇರದ, ಆದರೆ ತೀರಾ ದೂರವೂ ಅಲ್ಲದ ಒಂದು ಕೀಟವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಇದಕ್ಕೆ ಔಟ್‌ಗ್ರೂಪ್ ಎನ್ನುತ್ತಾರೆ. ಅದರಲ್ಲೂ ಇರುವ ಲಕ್ಷಣ ಹಳೆಯದು ಅಂತ ಇಟ್ಟುಕೊಳ್ಳುತ್ತೇವೆ, ನೊಣಗಳಲ್ಲಿ ಮಾತ್ರ ಇರುವುದು ಹೊಸದು. ಜೇನು ಇಟ್ಟುಕೊಳ್ಳೋಣ ಅಂತ ಹೆಚ್ಚಿನವರಿಗೆ ಅನಿಸುತ್ತದೆ. ಆದರೆ ವಂಶದ ಲೆಕ್ಕದಲ್ಲಿ ಜೇನಿಗಿಂತ ಪತಂಗ ನೊಣಕ್ಕೆ ಹತ್ತಿರ. ಹಾಗಾಗಿ ರಾತ್ರಿ ದೀಪಕ್ಕೆ ಬರುವ ಯಾವುದಾದರೂ ಪತಂಗ ಹಿಡಿದಿಡಿ.

ಈಗ ಪಟ್ಟಿ ಮಾಡೋಣ. ಪತಂಗದಲ್ಲಿ ಹೇಗಿದೆಯೋ ಹಾಗೇ ಇದ್ದರೆ 0, ಬದಲಾಗಿದ್ದರೆ 1. ಗೊತ್ತಿಲ್ಲದಿದ್ದರೆ, ಕಾಣದಿದ್ದರೆ, ಹೋಲಿಸಲು ಆಗದಿದ್ದರೆ ಪ್ರಶ್ನೆ ಚಿಹ್ನೆ. ಊಹಿಸಿ ತುಂಬಬೇಡಿ.

ಮೊದಲನೆಯದು ಹಿಂದಿನ ರೆಕ್ಕೆ. ಪತಂಗಕ್ಕೆ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ, ಹಿಂದಿನ ಜೋಡಿ ಇರಬೇಕಾದ ಜಾಗದಲ್ಲಿ ಎರಡು ಪುಟ್ಟ ಗುಂಡು ತಲೆಯ ಕಡ್ಡಿಗಳು, ಹಾಲ್ಟಿಯರ್. ಸೊಳ್ಳೆಯಲ್ಲಿ, ರಾಬರ್ ಫ್ಲೈಯಲ್ಲಿ ಇವು ಬರಿಗಣ್ಣಿಗೇ ಕಾಣುತ್ತವೆ. ಹಾರುವಾಗ ಮೈ ತಿರುಗಿದ್ದು ನೊಣಕ್ಕೆ ಗೊತ್ತಾಗುವುದು ಇವುಗಳಿಂದ. ಇವು ನಿಜವಾಗಿಯೂ ಬದಲಾದ ರೆಕ್ಕೆಗಳೇ ಅನ್ನುವುದಕ್ಕೆ ಜಾಗದ ಜೊತೆಗೆ ಇನ್ನೂ ಬಲವಾದ ಸಾಕ್ಷಿ ಇದೆ: ಡ್ರೊಸೊಫಿಲಾದಲ್ಲಿ ಒಂದು ಜೀನ್ ಕೆಲಸ ಮಾಡದಂತೆ ಆದರೆ ಹಾಲ್ಟಿಯರ್ ಬದಲು ಪೂರ್ತಿ ರೆಕ್ಕೆ ಬೆಳೆದು ನಾಲ್ಕು ರೆಕ್ಕೆಯ ನೊಣ ಹುಟ್ಟುತ್ತದೆ. ಆ ಜೀನುಗಳ ಮೇಲೆ ಕೆಲಸ ಮಾಡಿದ ಎಡ್ವರ್ಡ್ ಲೂಯಿಸ್‌ಗೆ 1995ರಲ್ಲಿ ನೊಬೆಲ್ ಬಂತು. ಸ್ಟ್ರೆಪ್ಸಿಪ್ಟೆರ ಅನ್ನುವ ಇನ್ನೊಂದು ಕೀಟಗುಂಪಿನ ಗಂಡುಗಳಲ್ಲೂ ಇಂಥದೇ ಗುಂಡು ಕಡ್ಡಿ ಇದೆ, ಆದರೆ ಅದು ಮುಂದಿನ ರೆಕ್ಕೆಯ ಜಾಗದಲ್ಲಿದೆ. ಆಕಾರ ಒಂದೇ, ಜಾಗ ಬೇರೆ, ಹಾಗಾಗಿ ಬೇರೆ ಲಕ್ಷಣ. ಆಕಾರಕ್ಕಿಂತ ಮೊದಲು ಜಾಗ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು ಕುಡಿಮೀಸೆಯ ಗಂಟುಗಳು. ಪತಂಗದಲ್ಲಿ, ಸೊಳ್ಳೆಯಲ್ಲಿ ಸಾಲಾಗಿ ತುಂಬಾ ಗಂಟು. ಸೊಳ್ಳೆಯಲ್ಲಿ 15. ಉಳಿದ ಎಂಟು ನೊಣಗಳಲ್ಲಿ ಹೆಚ್ಚೆಂದರೆ ಹತ್ತು, ಕೆಲವು ಕೂಡಿಕೊಂಡಿರುತ್ತವೆ. ಇಲ್ಲಿ ಒಂದು ಬಲೆ ಇದೆ: ಸೋಲ್ಜರ್ ಫ್ಲೈಯ ಮೀಸೆ ನೋಡಲು ಉದ್ದವಾಗಿಯೇ ಇರುತ್ತದೆ. ಉದ್ದ ನೋಡಬೇಡಿ, ಗಂಟು ಎಣಿಸಿ. ಕಡಿಮೆ ಇದ್ದರೆ 1.

ಮೂರನೆಯದಕ್ಕೂ ನಾಲ್ಕನೆಯದಕ್ಕೂ ಮರಿಹುಳ ನೋಡಬೇಕು. ಹೆನ್ನಿಗ್ ನೊಣಗಳ ಮರಿಹುಳಗಳ ಮೇಲೆ ಬಹಳ ಕೆಲಸ ಮಾಡಿದ್ದರು, ಅದಕ್ಕೆ ಸರಿಯಾದ ಕಾರಣವೂ ಇದೆ. ದೊಡ್ಡ ನೊಣ ಮತ್ತು ಅದರ ಹುಳ ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಬದುಕು ನಡೆಸುತ್ತವೆ, ಹಾಗಾಗಿ ಎರಡೂ ಒಂದೇ ಕಥೆ ಹೇಳಿದರೆ ಆ ಕಥೆಯನ್ನು ಜಾಸ್ತಿ ನಂಬಬಹುದು. ಸೊಳ್ಳೆಯ ಹುಳಕ್ಕೆ ಗಟ್ಟಿಯಾದ ಪೂರ್ತಿ ತಲೆ ಇದೆ, ತೊಟ್ಟಿಯ ನೀರಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಟಬಾನಸ್, ಸೋಲ್ಜರ್, ರಾಬರ್ ಇವುಗಳ ಹುಳದಲ್ಲಿ ತಲೆಯ ಹಿಂಭಾಗ ಪೂರ್ತಿಯಾಗಿಲ್ಲ, ಎದೆಯೊಳಗೆ ಸೇರಿಕೊಂಡಿದೆ. ಹೋವರ್ ಫ್ಲೈಯಿಂದ ಮಾಂಸದ ನೊಣದವರೆಗೆ ಹೊರಗೆ ಕಾಣುವ ತಲೆಯೇ ಇಲ್ಲ, ಚೂಪಾದ ತುದಿಯಲ್ಲಿ ಎರಡು ಕಪ್ಪು ಕೊಕ್ಕೆ ಮಾತ್ರ. ಹಾಗಾಗಿ 'ತಲೆ ಅಪೂರ್ಣ' ಮೂರನೇ ಲಕ್ಷಣ, 'ಹೊರಗೆ ತಲೆಯೇ ಇಲ್ಲ' ನಾಲ್ಕನೆಯದು. ಹುಳ ಸಿಗದಿದ್ದರೆ ಚಿತ್ರ ನೋಡಿ ತುಂಬಬಹುದು, ಆದರೆ ಅದೇ ಬಗೆಯದೋ ಅಂತ ಖಾತ್ರಿ ಮಾಡಿಕೊಳ್ಳಿ.

ಐದನೆಯದು ಅರಿಸ್ಟಾ. ಮನೆನೊಣದ ಮುಖವನ್ನು ಲೆನ್ಸಿನಲ್ಲಿ ನೋಡಿ. ಮೀಸೆಯ ಕೊನೆಯ ದಪ್ಪ ಗಂಟಿನ ಬೆನ್ನಿನಿಂದ ಒಂದು ಗರಿಯಂಥ ಕೂದಲು ಎದ್ದಿರುತ್ತದೆ. ಅದೇ. ಹೋವರ್ ಫ್ಲೈ, ಡ್ರೊಸೊಫಿಲಾ, ಹಸಿರು ನೊಣ, ಮಾಂಸದ ನೊಣ ಎಲ್ಲದರಲ್ಲೂ ಇದೆ.

ಆರನೆಯದು ಕೋಶ, ಅಂದರೆ ಹುಳ ನೊಣವಾಗುವ ನಡುವಿನ ಹಂತ (ಪ್ಯೂಪಾ). ಕೆಲವು ನೊಣಗಳ ಹುಳ ಕೋಶವಾಗುವಾಗ ತನ್ನ ಕೊನೆಯ ಚರ್ಮ ಕಳಚುವುದಿಲ್ಲ, ಅದರೊಳಗೇ ಕೋಶವಾಗುತ್ತದೆ. ಹೋವರ್ ಫ್ಲೈಯಿಂದ ಮಾಂಸದ ನೊಣದವರೆಗೆ ಹೀಗೆ. ಸೋಲ್ಜರ್ ಫ್ಲೈ ಕೂಡ ಹೀಗೇ. ಸದ್ಯಕ್ಕೆ ಅದಕ್ಕೂ 1 ಹಾಕಿ, ಇದರ ಬಗ್ಗೆ ಆಮೇಲೆ ಮಾತಾಡೋಣ.

ಏಳನೆಯದು ಪಾದದ ತುದಿ. ಎರಡು ಉಗುರು, ಅವುಗಳ ಕೆಳಗೆ ಎರಡು ಮೆತ್ತೆ. ಆ ಎರಡು ಮೆತ್ತೆಯ ನಡುವೆ ಏನಿದೆ ನೋಡಿ. ಟಬಾನಸ್, ಸೋಲ್ಜರ್ ಎರಡರಲ್ಲೂ ಮೂರನೆಯ ಮೆತ್ತೆ ಇದೆ. ರಾಬರ್ ಫ್ಲೈ ಮತ್ತು ಉಳಿದವುಗಳಲ್ಲಿ ಅಲ್ಲಿ ಬರೀ ಒಂದು ಕೂದಲು. ಮೆತ್ತೆಗೆ 0, ಕೂದಲಿಗೆ 1. ಪತಂಗದ ಪಾದ ಬೇರೆ ತರ ಇದೆ, ಸೊಳ್ಳೆಯಲ್ಲಿ ಅದು ಸಾಧಾರಣ ಲೆನ್ಸಿಗೆ ಕಾಣುವುದೇ ಇಲ್ಲ. ಎರಡಕ್ಕೂ ಪ್ರಶ್ನೆ ಚಿಹ್ನೆ.

ಎಂಟನೆಯದು ನನಗೆ ತುಂಬಾ ಇಷ್ಟವಾದ ಲಕ್ಷಣ. ಮನೆನೊಣದ ಮೀಸೆಯ ಬುಡದ ಮೇಲೆ ಕಮಾನಿನ ಹಾಗೆ ಒಂದು ಸಣ್ಣ ಸೀಳುಗೆರೆ ಇದೆ, ಮುಖದ ಎರಡೂ ಪಕ್ಕಕ್ಕೆ ಇಳಿದಿರುತ್ತದೆ. ಕೋಶದಿಂದ ಹೊರಬರುವ ದಿನ ನೊಣ ತನ್ನ ಮೈಯ ದ್ರವವನ್ನು ತಲೆಗೆ ಒತ್ತುತ್ತದೆ. ಆಗ ಈ ಸೀಳಿನಿಂದ ಒಂದು ಚೀಲ ಊದಿಕೊಂಡು ಹೊರಗೆ ಬರುತ್ತದೆ. ಆ ಚೀಲವನ್ನು ಊದಿಸಿ, ಇಳಿಸಿ, ಮತ್ತೆ ಊದಿಸಿ ಕೋಶದ ಮುಚ್ಚಳ ತಳ್ಳುತ್ತದೆ, ಮಣ್ಣಿನಲ್ಲಿದ್ದರೆ ಮಣ್ಣನ್ನೂ ಸರಿಸುತ್ತದೆ. ಹೊರಗೆ ಬಂದ ಮೇಲೆ ಚೀಲ ಒಳಗೆ ಹೋಗುತ್ತದೆ, ಮತ್ತೆ ಯಾವತ್ತೂ ಬರುವುದಿಲ್ಲ. ಗೆರೆ ಮಾತ್ರ ಸಾಯುವವರೆಗೂ ಮುಖದ ಮೇಲೆ ಇರುತ್ತದೆ. ಡ್ರೊಸೊಫಿಲಾ, ಮನೆನೊಣ, ಹಸಿರು ನೊಣ, ಮಾಂಸದ ನೊಣ ನಾಲ್ಕರಲ್ಲೂ ಇದೆ. ಹೋವರ್ ಫ್ಲೈಗೆ ಇಲ್ಲ. ಡ್ರೊಸೊಫಿಲಾದಲ್ಲಿ ನೋಡಲು ಮೈಕ್ರೋಸ್ಕೋಪ್ ಬೇಕಾಗುತ್ತದೆ.

ಒಂಬತ್ತನೆಯದು ರೆಕ್ಕೆಯ ಬುಡದ ಪೊರೆ. ರೆಕ್ಕೆ ಮೈಗೆ ಸೇರುವ ಜಾಗದಲ್ಲಿ ಹಾಲ್ಟಿಯರ್ ಅನ್ನು ಮುಚ್ಚುವ ಬಿಳಿಚಿದ ದೊಡ್ಡ ಪೊರೆ. ಮನೆನೊಣ, ಹಸಿರು ನೊಣ, ಮಾಂಸದ ನೊಣಕ್ಕೆ ಇದೆ. ಟಬಾನಸ್‌ಗೂ ಇದೆ. ಹತ್ತನೆಯದು ಎದೆಯ ಪಕ್ಕ, ನಡುಗಾಲು ಹಿಂಗಾಲುಗಳ ಬುಡದ ಮೇಲೆ, ಹಾಲ್ಟಿಯರ್‌ಗಿಂತ ಕೆಳಗೆ ಇರುವ ಒಂದು ಸಣ್ಣ ಫಲಕ. ಹಸಿರು ನೊಣ ಮತ್ತು ಮಾಂಸದ ನೊಣದಲ್ಲಿ ಆ ಫಲಕದ ಮೇಲೆ ಗಟ್ಟಿ ಕೂದಲುಗಳ ಒಂದು ಸಾಲು ನೆಟ್ಟಗೆ ನಿಂತಿರುತ್ತದೆ. ಮನೆನೊಣದಲ್ಲಿ ಆ ಸಾಲು ಇಲ್ಲ. ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿ, ಇಲ್ಲದಿದ್ದರೆ ಕಾಣುವುದಿಲ್ಲ.

ಪಟ್ಟಿ ಹೀಗಾಯಿತು, ಎಡದಿಂದ ಬಲಕ್ಕೆ ಒಂದರಿಂದ ಹತ್ತು:

ಪತಂಗ: 0 0 0 0 0 0 ? 0 0 0
ಸೊಳ್ಳೆ: 1 0 0 0 0 0 ? 0 0 0
ಟಬಾನಸ್: 1 1 1 0 0 0 0 0 1 0
ಸೋಲ್ಜರ್ ಫ್ಲೈ: 1 1 1 0 0 1 0 0 0 0
ರಾಬರ್ ಫ್ಲೈ: 1 1 1 0 0 0 1 0 0 0
ಹೋವರ್ ಫ್ಲೈ: 1 1 1 1 1 1 1 0 0 0
ಡ್ರೊಸೊಫಿಲಾ: 1 1 1 1 1 1 1 1 0 0
ಮನೆನೊಣ: 1 1 1 1 1 1 1 1 1 0
ಹಸಿರು ನೊಣ: 1 1 1 1 1 1 1 1 1 1
ಮಾಂಸದ ನೊಣ: 1 1 1 1 1 1 1 1 1 1

ಮರ ಕಟ್ಟುವುದು

ಪಟ್ಟಿಯ ಕೆಳಗಿನಿಂದ ಶುರು ಮಾಡಿ. ತೀರಾ ಕಡಿಮೆ ನೊಣಗಳು ಹಂಚಿಕೊಂಡ ಹೊಸ ಲಕ್ಷಣ ಯಾವುದು? ಹತ್ತನೆಯದು. ಹಸಿರು ನೊಣ ಮತ್ತು ಮಾಂಸದ ನೊಣ ಒಂದು ಜೋಡಿ, ಎರಡು ಗೆರೆ ಎಳೆದು ಸೇರಿಸಿ. ಮುಂದೆ ಒಂಬತ್ತನೆಯದು, ಅವುಗಳ ಜೊತೆಗೆ ಮನೆನೊಣ ಸೇರಿಕೊಳ್ಳುತ್ತದೆ. ಅದರಲ್ಲಿ ಟಬಾನಸ್ ಕೂಡ ಬಂತಲ್ಲ ಅಂತ ಒಂದು ಗುರುತು ಹಾಕಿ ಮುಂದೆ ಹೋಗಿ. ಎಂಟನೆಯದು ಡ್ರೊಸೊಫಿಲಾವನ್ನು ತರುತ್ತದೆ. ನಾಲ್ಕು ಮತ್ತು ಐದು ಹೋವರ್ ಫ್ಲೈಯನ್ನು ತರುತ್ತವೆ. ಏಳನೆಯದು ರಾಬರ್ ಫ್ಲೈಯನ್ನು ತರುತ್ತದೆ. ಎರಡು ಮತ್ತು ಮೂರು ಟಬಾನಸ್, ಸೋಲ್ಜರ್ ಎರಡನ್ನೂ ಸೇರಿಸುತ್ತವೆ. ಸೊಳ್ಳೆ ಹೊರಗೆ ಉಳಿಯುತ್ತದೆ, ಹಾಲ್ಟಿಯರ್ ಮೂಲಕ ಕೊನೆಗೆ ಒಳಗೆ ಬರುತ್ತದೆ. ಪತಂಗ ಬುಡದಲ್ಲಿ.

ಟಬಾನಸ್ ಮತ್ತು ಸೋಲ್ಜರ್ ಒಂದಕ್ಕೊಂದು ಹತ್ತಿರವಾ, ಅಥವಾ ಒಂದು ಮೊದಲು ಕವಲೊಡೆದು ಇನ್ನೊಂದು ಆಮೇಲೆ ಕವಲೊಡೆಯಿತಾ? ಮೂರು ಮೆತ್ತೆ ಇಬ್ಬರಿಗೂ ಇದೆ, ಆದರೆ ಮೆತ್ತೆ ಹಳೆಯದೋ ಹೊಸದೋ ಅಂತ ನಮ್ಮ ಪಟ್ಟಿ ಹೇಳುವುದಿಲ್ಲ, ಪತಂಗಕ್ಕೂ ಸೊಳ್ಳೆಗೂ ಪ್ರಶ್ನೆ ಚಿಹ್ನೆ ಹಾಕಿದ್ದೇವಲ್ಲ. ಹಾಗಿದ್ದಾಗ ಒಂದೇ ಜಾಗದಿಂದ ಮೂರು ಗೆರೆ ಎಳೆದು ಬಿಟ್ಟುಬಿಡಿ. ಸಾಕ್ಷಿ ಇಲ್ಲದ ಕಡೆ ಕವಲು ಬಿಡಿಸಬಾರದು.

ಈಗ ಜಗಳ ಬಿಡಿಸೋಣ

ಒಂದೊಂದು ಲಕ್ಷಣಕ್ಕೂ ಈ ಮರದ ಮೇಲೆ ಎಷ್ಟು ಸಲ ಬದಲಾವಣೆ ಆಗಬೇಕು ಅಂತ ಎಣಿಸಿ. ಹೆಚ್ಚಿನವಕ್ಕೆ ಒಂದೇ ಸಲ ಸಾಕು. ಒಂಬತ್ತನೆಯದಕ್ಕೆ ಎರಡು ಸಲ, ಟಬಾನಸ್‌ನಲ್ಲಿ ಬೇರೆ, ಮನೆನೊಣದ ಗುಂಪಿನಲ್ಲಿ ಬೇರೆ. ಆರನೆಯದಕ್ಕೂ ಎರಡು. ಒಟ್ಟು 12. ನಿಯಮ ಸರಳ: ಕಡಿಮೆ ಬದಲಾವಣೆ ಕೇಳುವ ಮರವೇ ಮೇಲು, ಅದಕ್ಕಿಂತ ಜಾಸ್ತಿ ಊಹೆ ಮಾಡಲು ನಮಗೆ ಕಾರಣವಿಲ್ಲ.

ಆದರೆ ಸೋಲ್ಜರ್ ಫ್ಲೈಯನ್ನು ಎತ್ತಿ ಹೋವರ್ ಫ್ಲೈ ಗುಂಪಿನ ಪಕ್ಕಕ್ಕೆ ಇಟ್ಟು ನೋಡಿ. ಆರನೆಯದು ಒಂದೇ ಸಲ ಸಾಕು, ಒಂದು ಉಳಿಯಿತು. ಏಳನೆಯದಕ್ಕೆ ಈಗ ಎರಡು ಬೇಕು, ಒಂದು ಹೋಯಿತು. ಮತ್ತೆ 12. ಸಮಬಲ. ಕೋಶ ಒಂದು ಕಡೆ ಎಳೆಯುತ್ತದೆ, ಪಾದ ಇನ್ನೊಂದು ಕಡೆ ಎಳೆಯುತ್ತದೆ.

ಇಂಥ ಹೊತ್ತಿನಲ್ಲಿ ಹೊಸ ಲಕ್ಷಣ ಹುಡುಕುತ್ತಾ ಹೋಗುವುದಕ್ಕಿಂತ ಮೊದಲು, ಇರುವ ಲಕ್ಷಣವನ್ನೇ ಇನ್ನಷ್ಟು ಹತ್ತಿರದಿಂದ ನೋಡಿ. ಕಾಂಪೋಸ್ಟ್ ಡಬ್ಬದಿಂದ ಸೋಲ್ಜರ್ ಫ್ಲೈಯ ಖಾಲಿ ಕೋಶ ಒಂದು ತೆಗೆದುಕೊಳ್ಳಿ, ಪಕ್ಕದಲ್ಲಿ ಮನೆನೊಣದ ಖಾಲಿ ಕೋಶ ಒಂದು ಇಡಿ. ಮನೆನೊಣದ್ದು ಕೆಂಪು-ಕಂದು ಬಣ್ಣದ ಪುಟ್ಟ ಪೀಪಾಯಿ. ಹುಳದ ಚರ್ಮ ಕುಗ್ಗಿ, ಗುಂಡಗಾಗಿ, ಗಟ್ಟಿಯಾಗಿದೆ, ಹುಳದ ಆಕಾರ ಉಳಿದೇ ಇಲ್ಲ. ನೊಣ ಹೊರಗೆ ಬಂದ ತುದಿ ಸುತ್ತಲೂ ದುಂಡಗೆ ಕತ್ತರಿಸಿದ ಹಾಗೆ ತೆರೆದಿದೆ. ಸೋಲ್ಜರ್ ಫ್ಲೈಯದು ಹಾಗಿಲ್ಲ. ಅದು ಕಪ್ಪಾದ ಹುಳವೇ, ಚಪ್ಪಟೆ ಮೈ, ಪಟ್ಟಿ ಪಟ್ಟಿಯಾದ ಭಾಗಗಳು, ಮುಂದಿನ ತಲೆ ಎಲ್ಲವೂ ಹಾಗೇ ಇವೆ. ಬಿರುಕು ಬಿಟ್ಟಿರುವುದು ಮುಂಭಾಗದ ಬೆನ್ನ ಮೇಲೆ, ನೇರವಾಗಿ. ಎರಡೂ 'ಚರ್ಮದೊಳಗೆ ಕೋಶ' ನಿಜ, ಆದರೆ ಮಾಡಿದ ರೀತಿ ಬೇರೆ, ತೆರೆಯುವ ರೀತಿ ಬೇರೆ. ಹಾಗಾಗಿ ಆರನೇ ಲಕ್ಷಣವನ್ನು ತಿದ್ದಿ ಬರೆಯಬೇಕು: 'ಚರ್ಮ ಕುಗ್ಗಿ ಪೀಪಾಯಿಯಾಗಿ, ದುಂಡು ಮುಚ್ಚಳ ತೆರೆಯುತ್ತದೆ'. ಈಗ ಸೋಲ್ಜರ್ ಫ್ಲೈಗೆ 0. ಮತ್ತೆ ಎಣಿಸಿ. ನಮ್ಮ ಮೊದಲ ಮರಕ್ಕೆ 11, ಇನ್ನೊಂದಕ್ಕೆ 12. ಜಗಳ ಮುಗಿಯಿತು. ದುಂಡಗೆ ತೆರೆಯುವ ಈ ಕೋಶದಿಂದಲೇ ಹೋವರ್ ಫ್ಲೈಯಿಂದ ಮಾಂಸದ ನೊಣದವರೆಗಿನ ಇಡೀ ಗುಂಪಿಗೆ ಸೈಕ್ಲೊರಾಫ ಎಂಬ ಹೆಸರು ಬಂದಿರುವುದು.

ಒಂದು ಎಚ್ಚರಿಕೆ. ನಮಗೆ ಬೇಕಾದ ಉತ್ತರ ಬರಲಿ ಅಂತ ಲಕ್ಷಣ ತಿದ್ದುವುದು ತಪ್ಪು. ತಿದ್ದುವ ಮೊದಲು ಎರಡನ್ನೂ ಕಣ್ಣಾರೆ ನೋಡಿ, ವ್ಯತ್ಯಾಸ ಏನು ಅಂತ ಬರೆದಿಡಿ, ಮರ ಎತ್ತ ತಿರುಗಿದರೂ ಆ ಬರಹ ನಿಲ್ಲುವಂತಿರಬೇಕು.

ಟಬಾನಸ್‌ನ ಪೊರೆಯ ಜಗಳ ಸುಲಭ. ಅದನ್ನು ಮನೆನೊಣದ ಗುಂಪಿನ ಪಕ್ಕಕ್ಕೆ ಇಟ್ಟರೆ ಒಂಬತ್ತನೆಯದರಲ್ಲಿ ಒಂದು ಉಳಿಯುತ್ತದೆ. ಆದರೆ ಹುಳದ ತಲೆ, ಅರಿಸ್ಟಾ, ಕೋಶ, ಪಾದ, ಹಣೆಯ ಗೆರೆ, ಐದಕ್ಕೂ ಒಂದೊಂದು ಬದಲಾವಣೆ ಹೆಚ್ಚು ಬೇಕು. 11ರ ಬದಲು 15. ಒಂದು ಪೊರೆಗೋಸ್ಕರ ಇಷ್ಟನ್ನು ಒಪ್ಪಲು ಆಗುವುದಿಲ್ಲ.

ನಂಬಬಾರದ ಲಕ್ಷಣಗಳು

ಬಣ್ಣವನ್ನು ಪಟ್ಟಿಗೆ ಸೇರಿಸಲೇ ಇಲ್ಲ, ಗಮನಿಸಿದಿರಾ? ಬೂದು ಮೈ, ಬೆನ್ನ ಮೇಲೆ ಕಪ್ಪು ಗೆರೆ ನೋಡಿದರೆ ಮನೆನೊಣವೂ ಮಾಂಸದ ನೊಣವೂ ಅಕ್ಕತಂಗಿಯರು ಅನಿಸುತ್ತದೆ. ಎದೆಯ ಪಕ್ಕದ ಕೂದಲ ಸಾಲು ಹೇಳುವುದೇ ಬೇರೆ: ಮಾಂಸದ ನೊಣಕ್ಕೆ ಹೊಳೆಯುವ ಹಸಿರು ನೊಣವೇ ಹತ್ತಿರ. ಹೋವರ್ ಫ್ಲೈಯ ಹಳದಿ ಪಟ್ಟೆ ಕಣಜವನ್ನು ಹೋಲುವುದು ಹಕ್ಕಿಗಳಿಂದ ತಪ್ಪಿಸಿಕೊಳ್ಳಲು, ನೆಂಟಸ್ತಿಕೆಯಿಂದ ಅಲ್ಲ.

ರೆಕ್ಕೆಯ ನರಗಳು ಸಾಮಾನ್ಯವಾಗಿ ಒಳ್ಳೆಯ ಸಾಕ್ಷಿ, ಆದರೆ ಅಲ್ಲೂ ಒಂದು ಗುಂಡಿ ಇದೆ. ಮನೆನೊಣದ ರೆಕ್ಕೆಯಲ್ಲಿ ನಡುವಿನ ಒಂದು ನರ ತುದಿಯ ಹತ್ತಿರ ಥಟ್ಟನೆ ಮೇಲಕ್ಕೆ ಬಾಗುತ್ತದೆ. ಹಸಿರು ನೊಣ, ಮಾಂಸದ ನೊಣದಲ್ಲೂ ಹಾಗೇ. ಮೂರನ್ನೇ ನೋಡಿದರೆ ಇದು ಹಂಚಿಕೊಂಡ ಹೊಸ ಲಕ್ಷಣ ಅನಿಸುತ್ತದೆ. ಈಗ ಉತ್ತರ ಕರ್ನಾಟಕದ ರೈತರಿಗೆ ಚೆನ್ನಾಗಿ ಗೊತ್ತಿರುವ ಜೋಳದ ಸುಳಿನೊಣ ತಂದು ಪಕ್ಕದಲ್ಲಿಡಿ. ಅದೂ ಮನೆನೊಣದ ಕುಟುಂಬವೇ, ಆದರೆ ಅದರಲ್ಲಿ ಆ ನರ ಬಾಗದೆ ನೇರವಾಗಿ ಹೋಗುತ್ತದೆ. ಆ ಕುಟುಂಬದ ಇನ್ನೂ ಅನೇಕ ನೊಣಗಳಲ್ಲೂ ಹೀಗೇ. ಒಂದು ಕುಟುಂಬಕ್ಕೆ ಒಂದೇ ನೊಣ ಇಟ್ಟುಕೊಂಡರೆ ಇಂಥದ್ದು ಕಾಣುವುದೇ ಇಲ್ಲ, ಅದಕ್ಕೇ ಪಟ್ಟಿಗೆ ಮೊದಲು ನೊಣಗಳನ್ನು ಸೇರಿಸಿ, ಆಮೇಲೆ ಲಕ್ಷಣ ಸೇರಿಸಿ ಅಂತ ನಾನು ಹೇಳುವುದು.

'ರಕ್ತ ಹೀರುತ್ತದೆ' ಅನ್ನುವುದೂ ಲಕ್ಷಣವಾಗಬಾರದು. ಅದು ಕೆಲಸ, ಅಂಗವಲ್ಲ. ಕೊಟ್ಟಿಗೆಯಲ್ಲಿ ದನದ ಕಾಲಿಗೆ ಕಚ್ಚುವ ಒಂದು ನೊಣ ಇದೆ, ಸ್ಟೊಮಾಕ್ಸಿಸ್, ನೋಡಲು ಥೇಟ್ ಮನೆನೊಣ. ಬಾಯಿ ಮಾತ್ರ ಗಟ್ಟಿ ಸೂಜಿಯಂತೆ ಮುಂದಕ್ಕೆ ಚಾಚಿರುತ್ತದೆ. ಹೆಣ್ಣು ಸೊಳ್ಳೆ ಚುಚ್ಚುವ ಸೂಜಿಗಳಲ್ಲಿ ಅದರ ದವಡೆಗಳೂ ಸೇರಿವೆ, ಹೆಣ್ಣು ಟಬಾನಸ್‌ನಲ್ಲಿ ಅದೇ ದವಡೆಗಳು ಚಾಕುವಿನ ಹಾಗೆ ಕುಯ್ಯುತ್ತವೆ. ಸ್ಟೊಮಾಕ್ಸಿಸ್‌ಗೆ ಆ ದವಡೆಗಳೇ ಇಲ್ಲ, ಅದು ಕೊರೆಯುವುದು ಕೆಳತುಟಿಯ ತುದಿಯ ಹಲ್ಲುಗಳಿಂದ. ರಕ್ತ ಕುಡಿಯುವ ಬಾಯಿ ಅಂತ ಮೂರಕ್ಕೂ 1 ಹಾಕಿದರೆ ಎರಡು ಬೇರೆ ಬೇರೆ ಅಂಗಗಳನ್ನು ಒಂದು ಮಾಡಿದ ಹಾಗಾಗುತ್ತದೆ.

ಹಾಗೇ, 'ಇಲ್ಲ' ಅನ್ನುವುದರ ಮೇಲೆ ಗುಂಪು ಕಟ್ಟಬೇಡಿ. ಹಣೆಯ ಗೆರೆ ಇಲ್ಲದ ಸೈಕ್ಲೊರಾಫಗಳನ್ನೆಲ್ಲ ಹಿಂದೆ ಒಂದು ಗುಂಪಾಗಿ ಇಟ್ಟಿದ್ದರು. ಉದ್ದ ಮೀಸೆಯ ಸೊಳ್ಳೆ, ಕ್ರೇನ್ ಫ್ಲೈ, ಬಚ್ಚಲುಮನೆ ಗೋಡೆಯ ಪುಟ್ಟ ರೋಮದ ನೊಣ ಇವೆಲ್ಲ ಸೇರಿ ಇನ್ನೊಂದು ಗುಂಪು. ಎರಡೂ ಒಂದೇ ಪೂರ್ವಜನ ಪೂರ್ತಿ ಸಂತಾನ ಅಲ್ಲ. ಹಳೆಯದನ್ನು ಬದಲಿಸದೆ ಉಳಿದವರ ಪಟ್ಟಿ ಅಷ್ಟೇ. ಇನ್ನು ಒಂದೇ ಬಗೆಯಲ್ಲಿ ಮಾತ್ರ ಕಾಣುವ ಲಕ್ಷಣ, ಉದಾಹರಣೆಗೆ ಹೋವರ್ ಫ್ಲೈ ರೆಕ್ಕೆಯ ನಡುವೆ ಯಾವುದಕ್ಕೂ ಸೇರದೆ ಹೋಗುವ ಸುಳ್ಳು ನರ, ಗುರುತು ಹಿಡಿಯಲು ತುಂಬಾ ಒಳ್ಳೆಯದು. ನಮ್ಮ ಪಟ್ಟಿಯಲ್ಲಿ ಅದರಿಂದ ಸಂಬಂಧ ಏನೂ ತಿಳಿಯುವುದಿಲ್ಲ.

ಕಂಪ್ಯೂಟರ್ ಯಾವಾಗ ಬೇಕು

ಒಂಬತ್ತು ನೊಣ ಮತ್ತು ಒಂದು ಔಟ್‌ಗ್ರೂಪ್‌ಗೆ ಸಾಧ್ಯವಿರುವ ಮರಗಳು 20,27,025. ನಮ್ಮ ಪಟ್ಟಿಯಲ್ಲಿ ಜಗಳ ಕಡಿಮೆ, ಹಾಗಾಗಿ ಕೈಯಲ್ಲೇ ಆಯಿತು. ನೊಣಗಳೂ ಲಕ್ಷಣಗಳೂ ಹೆಚ್ಚಾದರೆ ಟಿಎನ್‌ಟಿ ಅನ್ನುವ ಪ್ರೋಗ್ರಾಂ ಬಳಸಿ, ವಿಲ್ಲಿ ಹೆನ್ನಿಗ್ ಸೊಸೈಟಿಯ ನೆರವಿನಿಂದ ಅದು ಉಚಿತವಾಗಿ ಸಿಗುತ್ತದೆ. ಪಟ್ಟಿ ಟೈಪ್ ಮಾಡಲು ಮೆಸ್ಕೀಟ್ ಅನ್ನುವ ಪ್ರೋಗ್ರಾಂ ಚೆನ್ನಾಗಿದೆ. ಆದರೆ ಮೊದಲ ಸಲ ಕೈಯಲ್ಲೇ ಮಾಡಿ, ಯಾವ ಲಕ್ಷಣ ಯಾವ ಕವಲನ್ನು ಹಿಡಿದು ನಿಲ್ಲಿಸಿದೆ ಅಂತ ಬೆರಳಿಟ್ಟು ತೋರಿಸಲು ಬರಬೇಕು.

ಒಂದೇ ಕುಲದೊಳಗೆ ಇಳಿದರೆ

ಇಲ್ಲಿಯವರೆಗಿನ ಲಕ್ಷಣಗಳು ಕುಟುಂಬಗಳನ್ನು ಬೇರೆ ಮಾಡುವಂಥವು. ಡ್ರೊಸೊಫಿಲಾದ ಬಗೆಗಳನ್ನೇ ಒಂದಕ್ಕೊಂದು ಹೋಲಿಸಬೇಕಾದರೆ ಇವು ಎಲ್ಲದರಲ್ಲೂ ಒಂದೇ, ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಗಂಡುಗಳ ಮುಂಗಾಲು ನೋಡಬೇಕು. ಮೆಲನೊಗ್ಯಾಸ್ಟರ್ ಗಂಡಿನ ಪಾದದ ಮೊದಲ ಗಂಟಿನಲ್ಲಿ ಕಪ್ಪು ಹಲ್ಲುಗಳ ಒಂದು ಬಾಚಣಿಗೆ ಇದೆ, ಸುಮಾರು ಹತ್ತು-ಹನ್ನೆರಡು ಹಲ್ಲು. ದಕ್ಷಿಣ ಭಾರತದಲ್ಲಿ ತುಂಬಾ ಸಿಗುವ ಅನನಾಸೆ ಬಗೆಯಲ್ಲಿ ಬಾಚಣಿಗೆ ಒಂದೇ ಅಲ್ಲ, ಅಡ್ಡಡ್ಡ ಸಾಲುಗಳು. ನಸೂಟ ಬಗೆಗೆ ಬಾಚಣಿಗೆಯೇ ಇಲ್ಲ, ಅದರ ಗಂಡಿನ ಹಣೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಮೆಲನೊಗ್ಯಾಸ್ಟರ್ ಮತ್ತು ಸಿಮ್ಯುಲನ್ಸ್ ಹೆಣ್ಣುಗಳನ್ನು ಪಕ್ಕಪಕ್ಕ ಇಟ್ಟರೂ ಬೇರೆ ಮಾಡುವುದು ಬಹಳ ಕಷ್ಟ, ಗಂಡಿನ ಜನನಾಂಗದ ಒಂದು ಮಡಿಕೆಯ ಆಕಾರ ನೋಡಿದರೆ ಅನುಮಾನವೇ ಉಳಿಯುವುದಿಲ್ಲ.

ಅದೇ ಬಾಳೆಹಣ್ಣಿಗೆ ತಲೆ ಮತ್ತು ಬೆನ್ನ ಮೇಲೆ ಬಿಳಿ ಗೆರೆ ಇರುವ ನೊಣವೂ ಬರಬಹುದು, ಜಪ್ರಿಯೋನಸ್ ಇಂಡಿಯಾನಸ್, 1970ರಲ್ಲಿ ಭಾರತದಿಂದಲೇ ವಿವರಿಸಿದ ಬಗೆ. ಬೇರೆ ಕುಲದ ಹೆಸರಿದೆ ಅಂತ ಅದನ್ನು ಔಟ್‌ಗ್ರೂಪ್ ಮಾಡಿಕೊಳ್ಳಬೇಡಿ. ಈಗ ಡ್ರೊಸೊಫಿಲಾ ಅಂತ ಕರೆಯುವ ಕುಲದ ಕವಲುಗಳ ಒಳಗೇ ಅದು ಬರುತ್ತದೆ, ಹೊರಗಿನವ ಅಂತ ಒಳಗಿನವನನ್ನೇ ಕೂರಿಸಿದರೆ ಹಳೆಯದು ಹೊಸದರ ಲೆಕ್ಕವೇ ತಲೆಕೆಳಗಾಗುತ್ತದೆ. ಹೆಸರಿನಲ್ಲಿ ಖಾತ್ರಿ ಇರುವ ನೊಣಗಳ ಜೊತೆ ಹೋಲಿಸಿ ನೋಡಬೇಕು ಅನ್ನುವ ವಿದ್ಯಾರ್ಥಿಗಳಿಗೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ, ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಡ್ರೊಸೊಫಿಲಾ ತಳಿಗಳ ಸಂಗ್ರಹ ಕೇಂದ್ರ ಇದೆ. ನಿಮ್ಮ ಅಧ್ಯಾಪಕರ ಮೂಲಕ ಕೇಳಿ, ಗಂಡು ಹೆಣ್ಣು ಎರಡೂ ಬೇಕು ಅಂತ ಮೊದಲೇ ಹೇಳಿ.